ಕೋಡ್‌ನಲ್ಲಿ ಬಾಗುಗೆರೆ ಎಳೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹೋಂಸ್ಟೇ ವೆಬ್‌ಸೈಟನ್ನು ತಾವೇ ಮಾಡಿಕೊಳ್ಳುವವರು, ತೋಟದ ಮಳೆ ಲೆಕ್ಕವನ್ನು ಚಾರ್ಟ್‌ಗೆ ಹಾಕಲು ಹೊರಟವರು, ಮಡಿಕೇರಿ, ಗೋಣಿಕೊಪ್ಪ, ಕುಶಾಲನಗರದ ಕಾಲೇಜುಗಳಲ್ಲಿ ಪ್ರೋಗ್ರಾಮಿಂಗ್ ಕಲಿಯುತ್ತಿರುವವರು ನನ್ನನ್ನು ಕೇಳಿದ ಪ್ರಶ್ನೆಗಳು ಇಲ್ಲಿವೆ. ಬಯಲುಸೀಮೆಯ ನಕಾಶೆಯಾದರೆ ನೇರಗೆರೆಯಲ್ಲೇ ಅರ್ಧ ಕೆಲಸ ಮುಗಿದೀತು. ಕೊಡಗಿನಲ್ಲಿ ಹೊಳೆ, ರಸ್ತೆ, ಗದ್ದೆಯ ಬದು ಯಾವುದೂ ನೆಟ್ಟಗಿಲ್ಲ, ಹಾಗಾಗಿ ಮೊದಲ ದಿನವೇ ಬಾಗುಗೆರೆ ಎದುರಾಗುತ್ತದೆ.

ಕಮ್ಯಾಂಡ್‌ಗಳ ಹೆಸರನ್ನು ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಎಡಿಟರ್‌ನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು.

ಕಂಪ್ಯೂಟರ್ ನಿಜವಾಗಿಯೂ ಬಾಗಿದ ಗೆರೆ ಎಳೆಯುತ್ತದೆಯೇ?

ಬಹುಮಟ್ಟಿಗೆ ಇಲ್ಲ. ನೀವು ಕೊಟ್ಟ ಸೂತ್ರದಿಂದ ಅದು ಸಾಲಾಗಿ ಬಿಂದುಗಳನ್ನು ಲೆಕ್ಕ ಹಾಕಿ, ಅವುಗಳ ನಡುವೆ ಪುಟ್ಟ ನೇರಗೆರೆಗಳನ್ನು ಎಳೆಯುತ್ತದೆ. ತುಂಡುಗಳು ಸಾಕಷ್ಟು ಚಿಕ್ಕದಾದರೆ ಕಣ್ಣಿಗೆ ಮೂಲೆ ಕಾಣುವುದಿಲ್ಲ, ಅಷ್ಟೆ.

ಎಷ್ಟು ಚಿಕ್ಕದಾಗಬೇಕು ಎಂಬುದನ್ನು ಲೆಕ್ಕ ಮಾಡಿಯೇ ನೋಡಬಹುದು. 100 ಪಿಕ್ಸೆಲ್ ತ್ರಿಜ್ಯದ ವೃತ್ತವನ್ನು 12 ತುಂಡು ಮಾಡಿದರೆ ಪ್ರತಿ ತುಂಡಿನ ನಡುಭಾಗ ನಿಜವಾದ ವೃತ್ತದಿಂದ ಸುಮಾರು 3.4 ಪಿಕ್ಸೆಲ್ ಒಳಗೆ ಬೀಳುತ್ತದೆ, ಹನ್ನೆರಡು ಮೂಲೆಗಳೂ ಎದ್ದು ಕಾಣುತ್ತವೆ. 36 ತುಂಡು ಮಾಡಿದರೆ ಆ ವ್ಯತ್ಯಾಸ 0.38 ಪಿಕ್ಸೆಲ್‌ಗೆ ಇಳಿಯುತ್ತದೆ. 72 ಮಾಡಿದರೆ 0.1 ಪಿಕ್ಸೆಲ್‌ಗಿಂತ ಕಡಿಮೆ. ತುಂಡುಗಳನ್ನು ದುಪ್ಪಟ್ಟು ಮಾಡಿದಾಗ ತಪ್ಪು ಅರ್ಧವಾಗುವುದಿಲ್ಲ, ಕಾಲು ಭಾಗವಾಗುತ್ತದೆ. ಹಾಗಾಗಿ ಸಾವಿರ ತುಂಡು ಹಾಕಿ ಪಾಪದ ಹಳೇ ಲ್ಯಾಪ್‌ಟಾಪನ್ನು ಸುಸ್ತು ಮಾಡಬೇಕಿಲ್ಲ. ಅರ್ಧ ಪಿಕ್ಸೆಲ್‌ಗಿಂತ ಕಡಿಮೆ ತಪ್ಪಿದ್ದರೆ ಧಾರಾಳ.

ಯಾವುದರಲ್ಲಿ ಶುರು ಮಾಡಲಿ?

ಬ್ರೌಸರ್‌ನ ಕ್ಯಾನ್ವಾಸ್‌ನಲ್ಲಿ, ಅಂದರೆ ಕೋಡ್‌ನಿಂದ ಚಿತ್ರ ಬಿಡಿಸಲು ವೆಬ್ ಪುಟದಲ್ಲೇ ಇರುವ ಹಾಳೆಯಲ್ಲಿ. ಒಂದು ಟೆಕ್ಸ್ಟ್ ಎಡಿಟರ್, ಒಂದು ಬ್ರೌಸರ್ ಇದ್ದರೆ ಸಾಕು, ಇಂಟರ್‌ನೆಟ್ ಕೂಡ ಬೇಡ. ಜುಲೈನಲ್ಲಿ ಮರ ಬಿದ್ದು ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಕೈಕೊಡುವ ನಮ್ಮ ಕಡೆಗೆ ಇದು ಸಣ್ಣ ಅನುಕೂಲವಲ್ಲ, ಬ್ಯಾಟರಿ ಇರುವಷ್ಟು ಹೊತ್ತು ಕೆಲಸ ಸಾಗುತ್ತದೆ. ಇನ್ನೂ ಸುಲಭವಾಗಿ ಬೇಕೆಂದರೆ ಪಿ5 ಜೆಎಸ್ ಲೈಬ್ರರಿಯನ್ನು ಒಮ್ಮೆ ಇಳಿಸಿಕೊಂಡು ಇಟ್ಟುಕೊಳ್ಳಿ. ಲೋಗೋ, ನಕಾಶೆಯಂಥ ನಿಂತ ಚಿತ್ರಗಳಿಗೆ ಎಸ್‌ವಿಜಿ (ಚಿತ್ರವನ್ನು ಪಿಕ್ಸೆಲ್ ಬದಲು ಗೆರೆಗಳ ವಿವರವಾಗಿ ಬರೆದಿಡುವ ಬಗೆ) ಒಳ್ಳೆಯದು: ಎಷ್ಟು ದೊಡ್ಡದು ಮಾಡಿದರೂ ಒಡೆಯುವುದಿಲ್ಲ.

ಅಷ್ಟೊಂದು ಬಗೆಯ ಕರ್ವ್‌ಗಳಿವೆಯಲ್ಲ, ಆರಿಸಿಕೊಳ್ಳುವುದು ಹೇಗೆ?

ಕೋಡ್ ತೆರೆಯುವ ಮೊದಲೇ ಒಂದು ಪ್ರಶ್ನೆಗೆ ಉತ್ತರ ಹೇಳಿಕೊಳ್ಳಿ: ನನ್ನ ಹತ್ತಿರ ಇರುವ ಬಿಂದುಗಳ ಮೂಲಕವೇ ಗೆರೆ ಹಾದುಹೋಗಬೇಕೋ, ಇಲ್ಲ ಆ ಬಿಂದುಗಳು ಆಕಾರ ತಿದ್ದಲು ಮಾತ್ರವೋ?

ಕಾವೇರಿಯ ಹರಿವನ್ನು ಬಿಡಿಸುತ್ತಿದ್ದೀರಿ ಎನ್ನಿ. ಭಾಗಮಂಡಲ, ಬಲಮುರಿ, ಸಿದ್ದಾಪುರ, ದುಬಾರೆ, ಕುಶಾಲನಗರ, ಆಮೇಲೆ ಹಾರಂಗಿ ಬಂದು ಸೇರುವ ಕೂಡಿಗೆ. ಹೊಳೆ ಈ ಜಾಗಗಳನ್ನು ಮುಟ್ಟಿಯೇ ಹೋಗಬೇಕು. ಬಲಮುರಿಯಿಂದ ಮೂರು ಕಿಲೋಮೀಟರ್ ಆಚೆ ಹರಿದರೆ ಅದು ನಕಾಶೆಯಲ್ಲ. ಮೊಳೆಗಳ ನಡುವೆ ಬಿದಿರಿನ ಸೀಳನ್ನು ಬಾಗಿಸಿ ಸಿಕ್ಕಿಸಿದ ಹಾಗೆ ಇಲ್ಲಿ ಗೆರೆ ಪ್ರತಿ ಬಿಂದುವನ್ನೂ ತಾಗಬೇಕು. ಇದಕ್ಕೆ ಕ್ಯಾಟ್‌ಮುಲ್-ರೋಮ್‌ನಂಥ ಸ್ಪ್ಲೈನ್, ಅಂದರೆ ಚಿಕ್ಕ ಚಿಕ್ಕ ಕರ್ವ್‌ಗಳನ್ನು ಜೋಡಿಸಿದ ಗೆರೆ, ಬೇಕು.

ಹೋಂಸ್ಟೇಯ ಲೋಗೋಗೆ ಕೊಡವರ ಬಾಗಿದ ಅಲಗಿನ ಒಡಿಕತ್ತಿ ಬಿಡಿಸುವಾಗ ಸಂಗತಿಯೇ ಬೇರೆ. ಅಲ್ಲಿ ಅಳತೆ ಮಾಡಿದ ಬಿಂದುಗಳಿಲ್ಲ, ಅಲಗಿನ ಬಾಗು ಕಣ್ಣಿಗೆ ಸರಿ ಕಾಣಬೇಕು, ಅಷ್ಟೆ. ಅದಕ್ಕೆ ಬೆಜಿಯರ್. ನನ್ನ ಬಳಿಗೆ ಬರುವ ಅರ್ಧಕ್ಕರ್ಧ ತೊಂದರೆಗಳು ಈ ಎರಡನ್ನು ಅದಲುಬದಲು ಮಾಡಿಕೊಂಡಿದ್ದರಿಂದ ಹುಟ್ಟಿದವು.

ಬೆಜಿಯರ್ ಕರ್ವ್ ಒಳಗೆ ಏನು ನಡೆಯುತ್ತದೆ? ಸೂತ್ರ ನೋಡಿದರೆ ತಲೆ ತಿರುಗುತ್ತದೆ.

ಸೂತ್ರ ಆಮೇಲೆ ನೋಡೋಣ, ಮೊದಲು ಕಾಗದದ ಮೇಲೆ ಕೈಯಲ್ಲೇ ಮಾಡಿ. ನಾಲ್ಕು ಬಿಂದು ತೆಗೆದುಕೊಳ್ಳಿ: ಕ (0, 0), ಖ (0, 100), ಗ (100, 100), ಘ (100, 0). ಗೆರೆ ಕ-ದಲ್ಲಿ ಶುರುವಾಗಿ ಘ-ದಲ್ಲಿ ಮುಗಿಯುತ್ತದೆ. ಖ ಮತ್ತು ಗ ಕಂಟ್ರೋಲ್ ಬಿಂದುಗಳು, ಗೆರೆಯನ್ನು ತಮ್ಮತ್ತ ಎಳೆಯುತ್ತವೆ, ಆದರೆ ಗೆರೆ ಅವನ್ನು ಮುಟ್ಟುವುದಿಲ್ಲ.

ಗೆರೆಯ ಶುರುವಿನಲ್ಲಿ 0, ಕೊನೆಯಲ್ಲಿ 1 ಆಗುವ ಸಂಖ್ಯೆಯನ್ನು ಟಿ ಎನ್ನೋಣ. ಗೆರೆಯ ನಟ್ಟನಡುವಿನ ಬಿಂದು ಬೇಕು ಎನ್ನಿ, ಅಂದರೆ ಟಿ = 0.5. ಕ-ಖ ನಡುಬಿಂದು (0, 50). ಖ-ಗ ನಡುಬಿಂದು (50, 100). ಗ-ಘ ನಡುಬಿಂದು (100, 50). ನಾಲ್ಕು ಇದ್ದದ್ದು ಮೂರಾಯಿತು. ಈ ಮೂರರ ನಡುಬಿಂದುಗಳು (25, 75) ಮತ್ತು (75, 75). ಮೂರು ಎರಡಾಯಿತು. ಆ ಎರಡರ ನಡುಬಿಂದು (50, 75). ಮುಗಿಯಿತು, ಗೆರೆ ಅಲ್ಲಿ ಹಾಯುತ್ತದೆ. ಕಂಟ್ರೋಲ್ ಬಿಂದುಗಳು 100ರ ಎತ್ತರದಲ್ಲಿದ್ದರೂ ಗೆರೆ 75ರಲ್ಲೇ ನಿಂತಿದ್ದನ್ನು ಗಮನಿಸಿ. «ನಾನು ಹೇಳಿದಷ್ಟು ಎತ್ತರ ಹೋಗುತ್ತಿಲ್ಲ» ಎಂಬ ದೂರಿಗೆ ಉತ್ತರ ಇಲ್ಲೇ ಇದೆ.

ಟಿ 0.25 ಆದರೆ ನಡುಬಿಂದುವಿನ ಬದಲು ಪ್ರತಿ ಸಲವೂ ಕಾಲು ದಾರಿಯ ಬಿಂದು ತೆಗೆದುಕೊಳ್ಳಿ. ಕೋಡ್‌ನಲ್ಲಿ ಬೇಕಾದದ್ದು ಒಂದೇ ಪುಟ್ಟ ಫಂಕ್ಷನ್:

ನಡುವೆ(ಪ, ಫ, ಟಿ) = ಪ + (ಫ − ಪ) × ಟಿ

ಅದನ್ನು ಮೂರು, ಎರಡು, ಒಂದು, ಹೀಗೆ ಆರು ಸಲ ಕರೆದರೆ ಗೆರೆಯ ಮೇಲಿನ ಒಂದು ಬಿಂದು ಸಿಗುತ್ತದೆ. ಟಿ-ಯನ್ನು 0ಯಿಂದ 1ರವರೆಗೆ ಸಣ್ಣ ಹೆಜ್ಜೆಗಳಲ್ಲಿ ಓಡಿಸಿದರೆ ಪೂರ್ತಿ ಗೆರೆ. ಇದನ್ನೇ ಬಿಡಿಸಿ ಬರೆದರೆ ಪುಸ್ತಕದ ಸೂತ್ರ ಬರುತ್ತದೆ:

ಬಿಂದು = (1−ಟಿ)³ ಕ + 3(1−ಟಿ)² ಟಿ ಖ + 3(1−ಟಿ) ಟಿ² ಗ + ಟಿ³ ಘ

ಟಿ = 0.5 ಹಾಕಿದರೆ ನಾಲ್ಕರ ತೂಕ ಕ್ರಮವಾಗಿ 1/8, 3/8, 3/8, 1/8. ಕೂಡಿದರೆ ಯಾವಾಗಲೂ 1. ಅದಕ್ಕೇ ಗೆರೆ ನಾಲ್ಕು ಬಿಂದುಗಳ ಸುತ್ತ ಹಗ್ಗ ಕಟ್ಟಿದಷ್ಟು ಜಾಗ ಬಿಟ್ಟು ಎಂದೂ ಹೊರಗೆ ಹೋಗುವುದಿಲ್ಲ.

ಇದನ್ನು ಕಂಡುಹಿಡಿದವರು ಯಾರು?

ಕಾರು ಕಂಪನಿಗಳವರು. ಫ್ರಾನ್ಸಿನ ಸಿಟ್ರೊಯೆನ್ ಕಂಪನಿಯಲ್ಲಿದ್ದ ಪೌಲ್ ಡಿ ಕ್ಯಾಸ್ಟೆಲ್‌ಜೊ 1959ರಲ್ಲಿ, ಮೇಲೆ ನಾವು ಕೈಯಲ್ಲಿ ಮಾಡಿದ ನಡುಬಿಂದುಗಳ ವಿಧಾನವನ್ನೇ ರೂಪಿಸಿದರು. ಕಂಪನಿ ಅದನ್ನು ಗುಟ್ಟಾಗಿ ಇಟ್ಟಿತು. 1960ರ ದಶಕದಲ್ಲಿ ರೆನೊ ಕಂಪನಿಯ ಇಂಜಿನಿಯರ್ ಪಿಯರ್ ಬೆಜಿಯರ್ ಅದೇ ಬಗೆಯ ಗೆರೆಗಳನ್ನು ಕಾರಿನ ಮೈ ವಿನ್ಯಾಸಕ್ಕೆ ಬಳಸಿ, ಅದರ ಬಗ್ಗೆ ಪ್ರಕಟಿಸಿದರು. ಹೆಸರು ಪ್ರಕಟಿಸಿದವರದ್ದಾಯಿತು. ಎರಡಕ್ಕೂ ಅಡಿಪಾಯವಾದ ಬಹುಪದಿಗಳನ್ನು ಸೆರ್ಗೆ ಬರ್ನ್‌ಸ್ಟೈನ್ 1912ರಲ್ಲೇ ಬೇರೊಂದು ಗಣಿತದ ಕೆಲಸಕ್ಕೆ ಬಳಸಿದ್ದರು.

ಬೆಟ್ಟ ಬಿಡಿಸಿದರೆ ಕಣಿವೆ ಬರುತ್ತಿದೆ. ಯಾಕೆ?

ಪರದೆಯ ಮೇಲೆ ವೈ ಕೆಳಮುಖವಾಗಿ ಹೆಚ್ಚುತ್ತದೆ. ಮೂಲಬಿಂದು ಎಡಮೇಲ್ಮೂಲೆ. ಎತ್ತರದಿಂದ ಕಳೆಯಿರಿ: ಪರದೆಯ ವೈ = ಕ್ಯಾನ್ವಾಸ್ ಎತ್ತರ − ನಿಮ್ಮ ವೈ.

ಕೋನಗಳೂ ವಿಚಿತ್ರವಾಗಿ ತಿರುಗುತ್ತವಲ್ಲ?

ಅದೂ ಇದೇ ಕಾರಣಕ್ಕೆ. ವೃತ್ತ ಅಥವಾ ಅದರ ತುಂಡನ್ನು ಎಳೆಯುವ ಆರ್ಕ್ ಕಮ್ಯಾಂಡ್‌ನಲ್ಲಿ ಸೊನ್ನೆ ಕೋನ ಎಂದರೆ ಗಡಿಯಾರದ 3 ಗಂಟೆ, ಅಲ್ಲಿಂದ ಕೋನ ಹೆಚ್ಚಿದಂತೆ ಗಡಿಯಾರದ ದಿಕ್ಕಿಗೇ ತಿರುಗುತ್ತದೆ. ಡಿಗ್ರಿಯಲ್ಲ, ರೇಡಿಯನ್ ಕೊಡಬೇಕು: 180 ಡಿಗ್ರಿ ಎಂದರೆ ಪೈ, ಸುಮಾರು 3.1416.

ಬೆಜಿಯರ್‌ನಿಂದ ಪೂರ್ತಿ ವೃತ್ತ ಮಾಡಬಹುದೇ?

ಪಕ್ಕಾ ವೃತ್ತ ಆಗುವುದಿಲ್ಲ, ಆದರೆ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ವೃತ್ತವನ್ನು ನಾಲ್ಕು ಕಾಲುಭಾಗ ಮಾಡಿ, ಪ್ರತಿಯೊಂದಕ್ಕೂ ಕಂಟ್ರೋಲ್ ಬಿಂದುಗಳನ್ನು ತ್ರಿಜ್ಯದ 0.5523ರಷ್ಟು ದೂರದಲ್ಲಿಡಿ. 100 ಪಿಕ್ಸೆಲ್ ತ್ರಿಜ್ಯಕ್ಕೆ 55.23. ಆಗ ತಪ್ಪು ಹೆಚ್ಚೆಂದರೆ ತ್ರಿಜ್ಯದ ಶೇ 0.03ರೊಳಗೆ ಇರುತ್ತದೆ. ಆ ಸಂಖ್ಯೆ ಎಲ್ಲಿಂದ ಬಂತು ಎಂದರೆ 4/3 × (√2 − 1). ಬರೀ ವೃತ್ತವೇ ಬೇಕಿದ್ದರೆ ಇಷ್ಟೆಲ್ಲ ಯಾಕೆ, ಆರ್ಕ್ ಇದೆ.

ಎರಡು ಕರ್ವ್ ಸೇರಿಸಿದಲ್ಲಿ ಮೂಲೆ ಎದ್ದು ಕಾಣುತ್ತದೆ.

ಸೇರುವ ಬಿಂದು, ಅದರ ಹಿಂದಿನ ಕಂಟ್ರೋಲ್ ಬಿಂದು, ಮುಂದಿನ ಕಂಟ್ರೋಲ್ ಬಿಂದು ಈ ಮೂರೂ ಒಂದೇ ನೇರಗೆರೆಯ ಮೇಲಿರಬೇಕು, ಸೇರುವ ಬಿಂದು ನಡುವೆ ಇರಬೇಕು. ಅಷ್ಟಾದರೆ ಕಣ್ಣಿಗೆ ನಯವಾಗಿ ಕಾಣುತ್ತದೆ. ಎರಡೂ ಕಡೆಯ ದೂರವೂ ಸಮನಾಗಿದ್ದರೆ ಇನ್ನೂ ಒಳ್ಳೆಯದು. ಲೆಕ್ಕ ಸುಲಭ: ಹೊಸ ಕಂಟ್ರೋಲ್ = 2 × ಸೇರುವ ಬಿಂದು − ಹಳೆಯ ಕಂಟ್ರೋಲ್. ಎಸ್‌ವಿಜಿ ಪಾತ್‌ನಲ್ಲಿ ಬೆಜಿಯರ್ ಎಳೆಯುವ ಸಿ-ಯ ಬದಲು ಎಸ್ ಎಂಬ ಅಕ್ಷರ ಬರೆದರೆ ಈ ಪ್ರತಿಬಿಂಬವನ್ನು ಬ್ರೌಸರೇ ಮಾಡಿಕೊಳ್ಳುತ್ತದೆ.

ಹಾಗಂತ ಎಲ್ಲ ಕಡೆ ನಯ ಮಾಡಲು ಹೋಗಬೇಡಿ. ಒಡಿಕತ್ತಿಯ ಅಲಗಿನ ಎರಡು ಅಂಚುಗಳು ತುದಿಯಲ್ಲಿ ಸೇರುವ ಕಡೆ ಮೂಲೆ ಇರಲೇಬೇಕು. ಅಲ್ಲಿ ಕಂಟ್ರೋಲ್ ಬಿಂದುಗಳನ್ನು ನೇರಗೆರೆಗೆ ತಂದರೆ ಕತ್ತಿ ಹೋಗಿ ಸೌಟು ಬರುತ್ತದೆ. ಇನ್ನೊಂದು ಮಾತು: ಬಿಂದುಗಳು ಎಷ್ಟು ಕಡಿಮೆಯೋ ಗೆರೆ ಅಷ್ಟು ಚೆಂದ. ಅಲಗಿನ ಒಂದೊಂದು ಅಂಚಿಗೆ ಒಂದೇ ಬೆಜಿಯರ್ ಸಾಕಾಗುವಲ್ಲಿ ಐದು ಸೇರಿಸಿದರೆ ಅಂಚು ಅಲ್ಲಲ್ಲಿ ಉಬ್ಬಿ ತಗ್ಗುತ್ತದೆ.

ಸಂಪಾಜೆ ಘಾಟಿಯ ಜಿಪಿಎಸ್ ದಾರಿ ನನ್ನ ಫೋನ್‌ನಲ್ಲಿದೆ. ಅದನ್ನು ನಯವಾದ ರಸ್ತೆ ಮಾಡುವುದು ಹೇಗೆ?

ಇದಕ್ಕೆ ಉತ್ತರ ಸ್ವಲ್ಪ ಉದ್ದವಿದೆ.

ಮೊದಲು ಅಕ್ಷಾಂಶ ರೇಖಾಂಶಗಳನ್ನು ಪಿಕ್ಸೆಲ್‌ಗೆ ಇಳಿಸಿ. ಮಡಿಕೇರಿಯ ಅಕ್ಷಾಂಶ ಸುಮಾರು 12.4 ಡಿಗ್ರಿ ಉತ್ತರ. ಇಲ್ಲಿ ಒಂದು ಡಿಗ್ರಿ ರೇಖಾಂಶ ಎಂದರೆ ಸುಮಾರು 108.7 ಕಿಲೋಮೀಟರ್, ಒಂದು ಡಿಗ್ರಿ ಅಕ್ಷಾಂಶ ಸುಮಾರು 110.6. ಎರಡನ್ನೂ ಸಮ ಎಂದು ತಿಳಿದರೂ ಶೇ 2ರಷ್ಟು ಮಾತ್ರ ತಪ್ಪು, ಸಣ್ಣ ನಕಾಶೆಯಲ್ಲಿ ತೊಂದರೆಯಿಲ್ಲ. ಭೂಮಧ್ಯರೇಖೆಗೆ ಹತ್ತಿರ ಇರುವುದರ ಲಾಭ ಇದು.

ಎರಡನೆಯದು, ಬಿಂದುಗಳನ್ನು ಕಡಿಮೆ ಮಾಡುವುದು. ಫೋನ್ ಸೆಕೆಂಡಿಗೊಂದು ಬಿಂದು ಬರೆದಿರುತ್ತದೆ, ಮರಗಳ ಅಡಿಯಲ್ಲಿ, ಬೆಟ್ಟದ ಮಗ್ಗುಲಲ್ಲಿ ಅವು ಅತ್ತಿತ್ತ ಹಾರಿರುತ್ತವೆ. ಈ ಹಾರಾಟವನ್ನೆಲ್ಲ ಸ್ಪ್ಲೈನ್‌ಗೆ ಕೊಟ್ಟರೆ ಅದು ಪ್ರತಿಯೊಂದನ್ನೂ ನಿಷ್ಠೆಯಿಂದ ಮುಟ್ಟಿ ಬರುತ್ತದೆ, ರಸ್ತೆ ನಡುಗುತ್ತದೆ. 1973ರ ಡಗ್ಲಸ್-ಪ್ಯೂಕರ್ ವಿಧಾನ ಇಲ್ಲಿ ಒದಗುತ್ತದೆ: ಎರಡು ತುದಿಗೆ ನೇರಗೆರೆ ಎಳೆದು, ಅದರಿಂದ ಅತಿ ದೂರದ ಬಿಂದು ಹುಡುಕಿ. ಆ ದೂರ ನಿಮ್ಮ ಮಿತಿಗಿಂತ ಕಡಿಮೆಯಾದರೆ ನಡುವಿನ ಬಿಂದುಗಳನ್ನೆಲ್ಲ ಬಿಟ್ಟುಬಿಡಿ. ಹೆಚ್ಚಿದ್ದರೆ ಆ ಬಿಂದುವಿನಲ್ಲಿ ಎರಡು ಭಾಗ ಮಾಡಿ, ಎರಡಕ್ಕೂ ಅದೇ ಕೆಲಸ. ಮಿತಿ ತೀರಾ ದೊಡ್ಡದಾದರೆ ಹೇರ್‌ಪಿನ್ ತಿರುವುಗಳೇ ಅಳಿಸಿಹೋಗುತ್ತವೆ, ನೋಡಿಕೊಳ್ಳಿ.

ಮೂರನೆಯದು ಕ್ಯಾಟ್‌ಮುಲ್-ರೋಮ್. ಎಡ್ವಿನ್ ಕ್ಯಾಟ್‌ಮುಲ್ ಮತ್ತು ರಫಾಯಲ್ ರೋಮ್ 1974ರಲ್ಲಿ ಕೊಟ್ಟದ್ದು. ಈ ಕ್ಯಾಟ್‌ಮುಲ್ ಮುಂದೆ ಪಿಕ್ಸಾರ್ ಸ್ಥಾಪಕರಲ್ಲಿ ಒಬ್ಬರಾದವರೇ. ಪ್ರತಿ ಬಿಂದುವಿನಲ್ಲಿ ಗೆರೆಯ ದಿಕ್ಕನ್ನು ಅದರ ಹಿಂದಿನ ಮತ್ತು ಮುಂದಿನ ಬಿಂದುಗಳು ನಿರ್ಧರಿಸುತ್ತವೆ. ಸಾಲಿನ ನಾಲ್ಕು ಬಿಂದುಗಳು ಕ, ಖ, ಗ, ಘ ಆದರೆ ಖ-ದಿಂದ ಗ-ವರೆಗಿನ ತುಂಡನ್ನು ಬೆಜಿಯರ್ ಆಗಿ ಹೀಗೆ ಬರೆಯಬಹುದು:

ಮೊದಲ ಕಂಟ್ರೋಲ್ = ಖ + (ಗ − ಕ) / 6
ಎರಡನೇ ಕಂಟ್ರೋಲ್ = ಗ − (ಘ − ಖ) / 6

ಈ ಎರಡನ್ನೂ ಗ-ವನ್ನೂ ಬೆಜಿಯರ್‌ಕರ್ವ್‌ಟು ಕಮ್ಯಾಂಡ್‌ಗೆ ಕೊಟ್ಟರಾಯಿತು. ರಸ್ತೆಯ ಮೊದಲ ಬಿಂದುವಿಗೆ ಹಿಂದಿನದಿಲ್ಲ, ಕೊನೆಯದಕ್ಕೆ ಮುಂದಿನದಿಲ್ಲ. ಅವನ್ನೇ ಎರಡೆರಡು ಸಲ ಹಾಕಿ. ಪಿ5ರ ಹಳೆಯ (1.x) ಆವೃತ್ತಿಗಳ ಕರ್ವ್‌ವರ್ಟೆಕ್ಸ್‌ನಲ್ಲಿ ಮೊದಲ ಮತ್ತು ಕೊನೆಯ ತುಂಡು ಕಾಣೆಯಾಗುವುದು ಹೀಗೆ ಹಾಕದಿದ್ದಾಗ.

ಇಷ್ಟಾದರೂ ಹೇರ್‌ಪಿನ್‌ಗಳಲ್ಲಿ ಗೆರೆ ಗಂಟು ಹಾಕಿಕೊಂಡರೆ ಆಶ್ಚರ್ಯಪಡಬೇಡಿ. ಉದ್ದನೆಯ ನೇರ ತುಂಡಿನ ಪಕ್ಕದಲ್ಲೇ ಒತ್ತೊತ್ತಾದ ಬಿಂದುಗಳಿದ್ದಾಗ ಮೇಲಿನ ಸರಳ ಸೂತ್ರ ಮುಂದಕ್ಕೆ ಹಾರಿ ಹಿಂದೆ ಬರುತ್ತದೆ. ಅದಕ್ಕೆ ಮದ್ದು ಸೆಂಟ್ರಿಪೆಟಲ್ ಎಂಬ ಬಗೆ: ಬಿಂದುಗಳ ನಡುವಿನ ದೂರದ ವರ್ಗಮೂಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಒಂದು ತುಂಡಿನೊಳಗೆ ಗಂಟು ಬೀಳುವುದೇ ಇಲ್ಲ. ಚಾರ್ಟ್ ಬಿಡಿಸುವ ಡಿ3 ಲೈಬ್ರರಿಯಲ್ಲಿ ಕರ್ವ್‌ಕ್ಯಾಟ್‌ಮುಲ್‌ರೋಮ್ ಎಂದರೆ ಆಲ್ಫಾ 0.5 ಇರುವ ಈ ಬಗೆಯೇ ಸಿಗುತ್ತದೆ. ಘಾಟಿ ರಸ್ತೆಗೆ ನಾನು ಬೇರೆ ಯಾವುದನ್ನೂ ಸೂಚಿಸುವುದಿಲ್ಲ.

ಎಲ್ಲ ಬಿಂದುಗಳಿಗೂ ಸೇರಿ ಒಂದೇ ದೊಡ್ಡ ಸಮೀಕರಣ ಹಾಕಿದರೆ ಆಗದೇ?

ಬೇಡ. ಇಪ್ಪತ್ತು ಬಿಂದುಗಳ ಮೂಲಕ ಒಂದೇ ಬಹುಪದಿ ಹಾಯಿಸಿದರೆ ತುದಿಗಳ ಬಳಿ ಅದು ಹುಚ್ಚಾಪಟ್ಟೆ ಮೇಲೆ ಕೆಳಗೆ ತೂಗುತ್ತದೆ. ಕಾರ್ಲ್ ರುಂಗೆ 1901ರಲ್ಲೇ ಇದನ್ನು ತೋರಿಸಿದ್ದಾರೆ. ಚಿಕ್ಕ ಚಿಕ್ಕ ಕರ್ವ್‌ಗಳನ್ನು ಜೋಡಿಸುವ ಸ್ಪ್ಲೈನ್‌ಗಳ ಉಪಯೋಗವೇ ಇದು.

ತೋಟದ ಮಳೆ ಲೆಕ್ಕ ಹಾಕಿದರೆ ಗೆರೆ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ಮೈನಸ್ ಮಳೆ ಉಂಟೇ?

ಚಾರ್ಟ್‌ನಲ್ಲಿ ಉಂಟು! ಡಿಸೆಂಬರ್, ಜನವರಿ, ಫೆಬ್ರವರಿ ಮೂರೂ ಸೊನ್ನೆ, ಮಾರ್ಚ್‌ನಲ್ಲಿ ಹೂಮಳೆ 3 ಇಂಚು ಬಂತು ಎಂದುಕೊಳ್ಳಿ. ಜನವರಿ-ಫೆಬ್ರವರಿ ನಡುವಿನ ತುಂಡಿಗೆ ಮೇಲಿನ ಸೂತ್ರ ಹಾಕಿದರೆ ಎರಡನೇ ಕಂಟ್ರೋಲ್ = 0 − (3 − 0) / 6, ಅಂದರೆ ಮೈನಸ್ ಅರ್ಧ ಇಂಚು. ಗೆರೆ ಅತ್ತ ಎಳೆದು ಸುಮಾರು 0.22 ಇಂಚು ಕೆಳಗಿಳಿಯುತ್ತದೆ. ಇಂಚಿನ ನೂರನೇ ಒಂದು ಭಾಗವನ್ನು ಸೆಂಟ್ ಎನ್ನುವ ತೋಟದವರ ಲೆಕ್ಕದಲ್ಲಿ ಫೆಬ್ರವರಿಯಲ್ಲಿ ಆಕಾಶ 22 ಸೆಂಟ್ ಮಳೆಯನ್ನು ವಾಪಸ್ ತೆಗೆದುಕೊಂಡಿತು.

ಗೆರೆ ಮುಂದಿನ ಏರಿಕೆಗೆ ಮೊದಲೇ ಅಣಿಯಾಗಲು ಹೋಗಿ ಹೀಗೆ ಆಗುತ್ತದೆ. ಜುಲೈ-ಆಗಸ್ಟ್ ಶಿಖರದಲ್ಲೂ ಇದೇ ಕಥೆ, ಬಿದ್ದದ್ದಕ್ಕಿಂತ ಹೆಚ್ಚು ಮಳೆ ತೋರಿಸೀತು. ಪರಿಹಾರ ಮೊನೊಟೋನ್ ಸ್ಪ್ಲೈನ್. 1980ರಲ್ಲಿ ಫ್ರಿಟ್ಷ್ ಮತ್ತು ಕಾರ್ಲ್‌ಸನ್ ಕೊಟ್ಟ ವಿಧಾನ ಹೆಸರಾದದ್ದು: ಎರಡು ಬಿಂದುಗಳ ನಡುವೆ ಗೆರೆ ಅವೆರಡರ ಎತ್ತರವನ್ನು ಮೀರುವುದಿಲ್ಲ. ಡಿ3ಯಲ್ಲಿ ಕರ್ವ್‌ಮೊನೊಟೋನ್‌ಎಕ್ಸ್ ಅದೇ ಕೆಲಸ ಮಾಡುತ್ತದೆ.

ನನ್ನನ್ನು ಕೇಳಿದರೆ ತಿಂಗಳ ಮಳೆಗೆ ಕರ್ವ್ ಬೇಡವೇ ಬೇಡ. ತಿಂಗಳ ಒಟ್ಟು ಮೊತ್ತಕ್ಕೆ ಎರಡು ತಿಂಗಳ ನಡುವೆ ಬೆಲೆ ಎಂಬುದಿಲ್ಲ, ಕಂಬದ ಚಾರ್ಟೇ ಸರಿ. ವರ್ಷದ ಆರಂಭದಿಂದ ಇಂದಿನವರೆಗೆ ಕೂಡುತ್ತ ಹೋದ ಮೊತ್ತಕ್ಕಾದರೆ ಗೆರೆ ಒಪ್ಪುತ್ತದೆ, ಅಲ್ಲೂ ಮೊನೊಟೋನ್ ಬಳಸಿ. ಇಲ್ಲದಿದ್ದರೆ ಕೂಡಿದ ಮಳೆ ನಡುವೆ ಕಡಿಮೆಯಾದಂತೆ ಕಂಡೀತು.

ತಡಿಯಂಡಮೋಳ್ ಚಾರಣದ ನಕಾಶೆಗೆ ಕಾಂಟೂರ್ ಗೆರೆಗಳನ್ನು ನಯ ಮಾಡಿದೆ, ಒಂದನ್ನೊಂದು ದಾಟುತ್ತಿವೆ.

ಕಾಂಟೂರ್ ಎಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆ. ನೀವು ಒಂದೊಂದೇ ಗೆರೆಯನ್ನು ಬಿಡಿಬಿಡಿಯಾಗಿ ನಯ ಮಾಡಿದ್ದೀರಿ. ಸರ್ವೆ ಆಫ್ ಇಂಡಿಯಾದ 1:50,000 ನಕಾಶೆಗಳಲ್ಲಿ ಸಾಮಾನ್ಯವಾಗಿ 20 ಮೀಟರಿಗೊಂದು ಗೆರೆ. 1,748 ಮೀಟರಿನ ಆ ಶಿಖರದ ಕಡಿದಾದ ಮಗ್ಗುಲಲ್ಲಿ ಗೆರೆಗಳು ಮೈಗೆ ಮೈ ತಾಗಿಸಿಕೊಂಡಿರುತ್ತವೆ, ಸ್ವಲ್ಪ ಸರಿದರೂ ದಾಟುತ್ತವೆ. ಗೆರೆಗಳನ್ನು ಬಿಟ್ಟು ಎತ್ತರದ ಅಂಕಿಗಳ ಜಾಲವನ್ನೇ ಮೊದಲು ನಯ ಮಾಡಿ, ಆಮೇಲೆ ಜಾಲದ ಒಂದೊಂದು ಚೌಕದಲ್ಲೂ ಗೆರೆ ಎಲ್ಲಿ ಹಾಯುತ್ತದೆ ಎಂದು ನೋಡುವ ಮಾರ್ಚಿಂಗ್ ಸ್ಕ್ವೇರ್ಸ್ ವಿಧಾನದಿಂದ ಗೆರೆ ತೆಗೆಯಿರಿ. ಒಂದು ಜಾಗಕ್ಕೆ ಒಂದೇ ಎತ್ತರ ಇರುವುದರಿಂದ ಗೆರೆಗಳು ದಾಟಲು ಸಾಧ್ಯವೇ ಇಲ್ಲ.

ರಸ್ತೆಯನ್ನು ದಪ್ಪ ಮಾಡಿದರೆ ತಿರುವುಗಳಲ್ಲಿ ಮುಳ್ಳು ಏಳುತ್ತದೆ.

ಲೈನ್‌ಜಾಯಿನ್ ಅನ್ನು ರೌಂಡ್ ಮಾಡಿ. ಕ್ಯಾನ್ವಾಸ್ ತಾನಾಗಿ ಬಳಸುವುದು ಮೈಟರ್, ಅದು ಚೂಪು ಮೂಲೆಗಳನ್ನು ಉದ್ದಕ್ಕೆ ಚಾಚುತ್ತದೆ.

ಆ ದಾರಿಯ ಮೇಲೆ ಬಸ್ಸಿನ ಚಿತ್ರ ಓಡಿಸುತ್ತಿದ್ದೇನೆ. ಒಮ್ಮೆ ನುಗ್ಗುತ್ತದೆ, ಒಮ್ಮೆ ತೆವಳುತ್ತದೆ.

ನಿಜವಾದ ಘಾಟಿ ಬಸ್ಸೂ ಹಾಗೇ ಎನ್ನಬಹುದು, ಆದರೆ ಇಲ್ಲಿ ಕಾರಣ ಟಿ. ಟಿ ಎಂಬುದು ದೂರವಲ್ಲ. ಟಿ-ಯನ್ನು ಸಮ ಹೆಜ್ಜೆಯಲ್ಲಿ ಹೆಚ್ಚಿಸಿದರೆ, ಬಿಂದುಗಳು ದೂರ ಇರುವಲ್ಲಿ ಬಸ್ಸು ಹಾರುತ್ತದೆ, ಹತ್ತಿರ ಇರುವಲ್ಲಿ ನಿಧಾನವಾಗುತ್ತದೆ. ಕರ್ವನ್ನು ನೂರು ತುಂಡು ಮಾಡಿ, ಪ್ರತಿ ಟಿ-ಗೆ ಅಲ್ಲಿಯವರೆಗಿನ ಒಟ್ಟು ಉದ್ದ ಎಷ್ಟು ಎಂಬ ಪಟ್ಟಿ ಮಾಡಿಟ್ಟುಕೊಳ್ಳಿ. ಆಮೇಲೆ ಬೇಕಾದ ಉದ್ದಕ್ಕೆ ಯಾವ ಟಿ ಎಂದು ಪಟ್ಟಿಯಿಂದ ಹುಡುಕಿ. ಎಸ್‌ವಿಜಿಯಲ್ಲಿ ಈ ಶ್ರಮವೇ ಇಲ್ಲ: ಗೆಟ್‌ಟೋಟಲ್‌ಲೆಂಗ್ತ್, ಗೆಟ್‌ಪಾಯಿಂಟ್‌ಅಟ್‌ಲೆಂಗ್ತ್ ಎರಡೂ ಸಿದ್ಧವಾಗಿವೆ.

ಬಸ್ಸಿನ ಮೂತಿ ದಾರಿಯ ದಿಕ್ಕಿಗೆ ತಿರುಗಬೇಕಿದ್ದರೆ ನಡುಬಿಂದುಗಳ ಲೆಕ್ಕಕ್ಕೆ ಮರಳಿ. ಕೊನೆಯಲ್ಲಿ ಉಳಿದ ಎರಡು ಬಿಂದುಗಳು, ನಮ್ಮ ಉದಾಹರಣೆಯಲ್ಲಿ (25, 75) ಮತ್ತು (75, 75), ಆ ಕ್ಷಣದ ದಿಕ್ಕನ್ನು ತೋರಿಸುತ್ತವೆ. ಅವುಗಳ ವ್ಯತ್ಯಾಸವನ್ನು ಎಟ್ಯಾನ್2 ಫಂಕ್ಷನ್‌ಗೆ ಕೊಟ್ಟರೆ ಕೋನ ಸಿಗುತ್ತದೆ. ವೈ ಮೊದಲು, ಎಕ್ಸ್ ಆಮೇಲೆ.

ಕ್ವಾಡ್ರಾಟಿಕ್, ಕ್ಯೂಬಿಕ್ ಎರಡರಲ್ಲಿ ಯಾವುದು ಒಳ್ಳೆಯದು?

ಕ್ವಾಡ್ರಾಟಿಕ್‌ಗೆ ಒಂದೇ ಕಂಟ್ರೋಲ್ ಬಿಂದು, ಕ್ಯೂಬಿಕ್‌ಗೆ ಎರಡು. ಒಂದೇ ತುಂಡಿನಲ್ಲಿ ಎಸ್ ಆಕಾರ ಬೇಕಿದ್ದರೆ ಕ್ಯೂಬಿಕ್ಕೇ ಆಗಬೇಕು. ಟ್ರೂಟೈಪ್ ಫಾಂಟ್‌ಗಳ ಅಕ್ಷರಗಳು ಕ್ವಾಡ್ರಾಟಿಕ್‌ನಿಂದ, ಪೋಸ್ಟ್‌ಸ್ಕ್ರಿಪ್ಟ್ ಪರಂಪರೆಯವು ಕ್ಯೂಬಿಕ್‌ನಿಂದ ಆಗಿರುತ್ತವೆ. ಅಭ್ಯಾಸಕ್ಕೆ ವಸ್ತು ಬೇಕಿದ್ದರೆ «ಠ», «ಇ», «ಣ» ಬಿಡಿಸಿ ನೋಡಿ. ಮೊದಲನೆಯದು ಐದು ನಿಮಿಷದ ಕೆಲಸ, ಮೂರನೆಯದಕ್ಕೆ ಒಂದು ಸಂಜೆ ಬೇಕಾದೀತು.

ಫೋನ್‌ನಲ್ಲಿ ಗೆರೆ ಮಂಜು ಮಂಜಾಗಿ ಕಾಣುತ್ತದೆ.

ಫೋನ್ ಪರದೆಯಲ್ಲಿ ಒಂದು ಸಿಎಸ್‌ಎಸ್ ಪಿಕ್ಸೆಲ್‌ಗೆ (ವೆಬ್ ಪುಟ ಅಳತೆಗೆ ಬಳಸುವ ಪಿಕ್ಸೆಲ್) ಉದ್ದಕ್ಕೂ ಅಗಲಕ್ಕೂ ಎರಡು ಮೂರು ನಿಜ ಪಿಕ್ಸೆಲ್ ಇರುತ್ತವೆ. ಕ್ಯಾನ್ವಾಸಿನ ಅಗಲ ಎತ್ತರವನ್ನು ಡಿವೈಸ್‌ಪಿಕ್ಸೆಲ್‌ರೇಶಿಯೋದಿಂದ ಗುಣಿಸಿ, ಸಿಎಸ್‌ಎಸ್ ಅಳತೆಯನ್ನು ಮೊದಲಿನಂತೆಯೇ ಇಟ್ಟು, ಸ್ಕೇಲ್ ಕಮ್ಯಾಂಡ್‌ಗೆ ಅದೇ ಸಂಖ್ಯೆ ಕೊಡಿ.

ಕೋಡ್ ಸರಿಯಿದೆ, ಎರರ್ ಇಲ್ಲ, ಆದರೂ ಏನೂ ಕಾಣುತ್ತಿಲ್ಲ.

ಸ್ಟ್ರೋಕ್ ಕರೆದಿದ್ದೀರಾ ನೋಡಿ. ಬೆಜಿಯರ್‌ಕರ್ವ್‌ಟು ದಾರಿಯನ್ನು ಗುರುತಿಸುತ್ತದೆಯೇ ಹೊರತು ಶಾಯಿ ಹಾಕುವುದಿಲ್ಲ. ಆಮೇಲೆ ಕನ್ಸೋಲ್‌ನಲ್ಲಿ ಬಿಂದುಗಳನ್ನು ಮುದ್ರಿಸಿ. ಎಲ್ಲೋ ಒಂದು ಕಡೆ ಎನ್‌ಎಎನ್ (ಸಂಖ್ಯೆಯಲ್ಲ ಎಂಬ ಗುರುತು) ಬಂದಿರಬಹುದು, ಸಿಎಸ್‌ವಿ ಫೈಲಿನ ಖಾಲಿ ಸಾಲಿನಿಂದ ಹೆಚ್ಚಾಗಿ ಬರುತ್ತದೆ. ಕ್ಯಾನ್ವಾಸ್ ಅಂಥ ಕಮ್ಯಾಂಡನ್ನು ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತದೆ. ಬಿಂದುಗಳು ಸರಿಯಿದ್ದು 75.7, 12.4ರಂಥ ಅಂಕಿಗಳೇ ಕಂಡರೆ, ರೇಖಾಂಶ ಅಕ್ಷಾಂಶಗಳನ್ನು ಪಿಕ್ಸೆಲ್‌ಗೆ ಇಳಿಸದೆ ನೇರವಾಗಿ ಕೊಟ್ಟಿದ್ದೀರಿ, ಇಡೀ ಕೊಡಗು ಒಂದೇ ಪಿಕ್ಸೆಲ್‌ನೊಳಗೆ ಕೂತಿದೆ.

ಇದರ ತದ್ವಿರುದ್ಧ ತೊಂದರೆಯೂ ಉಂಟು: ಅನಿಮೇಷನ್ ಓಡಿದಂತೆ ಹಳೆಯ ಗೆರೆಗಳು ಹೋಗದೆ ಉಳಿಯುತ್ತವೆ, ಹೊತ್ತು ಹೋದಂತೆ ಎಲ್ಲ ನಿಧಾನವಾಗುತ್ತದೆ. ಪ್ರತಿ ಫ್ರೇಮಿನ ಶುರುವಿನಲ್ಲಿ ಕ್ಲಿಯರ್‌ರೆಕ್ಟ್, ಪ್ರತಿ ಹೊಸ ಗೆರೆಯ ಮೊದಲು ಬಿಗಿನ್‌ಪಾತ್ ಬರೆಯಿರಿ.